ಬೆರಳುದ್ದದ ಮೀಟರಿಗೆ ಮುಖ ಯಾವುದು?

ಸಿಡ್ನಿ ವಿಮಾನ ನಿಲ್ದಾಣ

ಸಿಡ್ನಿಯಲ್ಲಿ ಇಳಿದ ಕೂಡಲೇ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಮರದ ಪೆಟ್ಟಿಗೆ. ಚಟ್ನಿಪುಡಿ, ಹುರಿಗಡಲೆ, ಮೆಂತ್ಯದ ಹಿಟ್ಟು ಎಲ್ಲವನ್ನೂ ವಿಮಾನದಲ್ಲಿ ಕೊಟ್ಟ ಕಾಗದದಲ್ಲಿ ತಪ್ಪದೆ ಬರೆದಿದ್ದೆ. ಕೈಗವಸು ಹಾಕಿಕೊಂಡಿದ್ದ ಅಧಿಕಾರಿ ಹುಡುಗಿ ಆ ಪೊಟ್ಟಣಗಳನ್ನು ಒಂದು ಸಲ ಅಲ್ಲಾಡಿಸಿ ಪಕ್ಕಕ್ಕಿಟ್ಟಳು. ಪೆಟ್ಟಿಗೆ ಕೈಗೆ ಬಂದಾಗ ಮಾತ್ರ ಟಾರ್ಚು ತೆಗೆದಳು.

"ಇದು ಯಾವ ಮರ?"

ಸಾಗುವಾನಿ ಎಂದೆ. ಪೆಟ್ಟಿಗೆಯ ಮೂಲೆಗಳಿಗೆ ಬೆಳಕು ಬಿಟ್ಟು ಹುಳು ಕೊರೆದ ತೂತು ಇದೆಯೇ ಎಂದು ಹುಡುಕಿದಳು. ಒಳಗಿದ್ದ ಆರು ಸೆನ್ಸರುಗಳನ್ನು ಸ್ಟ್ಯಾಂಡಿನಿಂದ ಚಮಚ ತೆಗೆದಿಟ್ಟ ಹಾಗೆ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ಅವು ಏನು, ಎಲ್ಲಿಗೆ, ಯಾಕೆ, ಒಂದನ್ನೂ ಕೇಳಲಿಲ್ಲ. ನಮ್ಮ ಕಾರ್ಖಾನೆಯ ಬಡಗಿ ಆ ಪೆಟ್ಟಿಗೆಗೆ ಚೆನ್ನಾಗಿ ವಾರ್ನಿಷ್ ಬಳಿದಿದ್ದ. ಅದರಿಂದ ಉಳಿದುಕೊಂಡೆ.

ನನ್ನ ಕೆಲಸದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆ. ಅಲ್ಲಿ ರೇಡಿಯೋ ತರಂಗಗಳ ಶಕ್ತಿಯನ್ನು ಅಳೆಯುವ ಸೆನ್ಸರುಗಳನ್ನು ಮಾಡುತ್ತೇವೆ. ಸೆನ್ಸರು ಒಂದು ದಪ್ಪ ಬೆರಳಿನಷ್ಟು ಉದ್ದ. ಒಂದು ತುದಿಯಲ್ಲಿ ತಿರುಪಿನ ಸುತ್ತುಗಳಿರುವ ಕನೆಕ್ಟರು, ತಿರುಗಿಸಿ ಕೂರಿಸುವುದಕ್ಕೆ. ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಯುಎಸ್‌ಬಿ ತಂತಿ. ಹಿಂದೆ ಇದೇ ಕೆಲಸಕ್ಕೆ ಮಿಕ್ಸಿಯ ಡಬ್ಬಿಯಷ್ಟು ದೊಡ್ಡ ಮೀಟರನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೋಗಬೇಕಿತ್ತು. ಈಗ ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆಯ ಪಕ್ಕ ಹಿಡಿಸುತ್ತದೆ. ಕಾರ್ಖಾನೆಯಿಂದ ಹೊರಗೆ ಹೋಗುವ ಪ್ರತಿಯೊಂದು ಸೆನ್ಸರನ್ನೂ ಪರೀಕ್ಷೆಯ ಮೇಜಿನ ಮೇಲಿಟ್ಟು, ಸರಿಯಾಗಿ ಅಳೆಯುತ್ತಿದೆಯೇ ಎಂದು ನೋಡುವುದು ನನ್ನ ಕೆಲಸ. ಮದುವೆ ಮನೆಗಳಲ್ಲಿ ಯಾರಾದರೂ ಕೇಳಿದರೆ, ಮೊಬೈಲ್ ಟವರಿನ ಸಿಗ್ನಲ್‌ಗೆ ತಕ್ಕಡಿ ಮಾಡುತ್ತೇವೆ ಎನ್ನುತ್ತೇನೆ. ಅಲ್ಲಿಗೆ ಅವರಿಗೂ ಸಾಕು, ನನಗೂ ಸಾಕು.

ಸಿಡ್ನಿಯಲ್ಲಿ ನಮ್ಮ ಮಾಲನ್ನು ಮಾರುವವರು ಎಂಜಿನಿಯರುಗಳಿಗೆ ಒಂದು ಪ್ರಾತ್ಯಕ್ಷಿಕೆ ಇಟ್ಟುಕೊಂಡಿದ್ದರು. ಬರಬೇಕಾಗಿದ್ದ ಹುಡುಗನ ಮದುವೆ ಅದೇ ವಾರಕ್ಕೆ ಗೊತ್ತಾಯಿತು. ಹೀಗೆ ಐವತ್ತು ದಾಟಿದ ಮೇಲೆ ನನ್ನ ಮೊದಲ ವಿದೇಶ ಪ್ರವಾಸ.

ಎಪ್ಪಿಂಗ್

ಉಳಿದುಕೊಂಡದ್ದು ಎಪ್ಪಿಂಗ್‌ನಲ್ಲಿ, ನಮ್ಮ ಆಫೀಸಿನ ಅಕೌಂಟೆಂಟರ ತಂಗಿ ರೂಪಾಳ ಅಪಾರ್ಟ್‌ಮೆಂಟಿನಲ್ಲಿ. ಮೈಸೂರಿನ ಹುಡುಗಿ, ಸಾಫ್ಟ್‌ವೇರ್ ಕೆಲಸ, ಗಂಡ ಆಗ ಊರಿಗೆ ಹೋಗಿದ್ದ. "ಒಬ್ಳೇ ಇದೀನಿ ಆಂಟಿ, ಹೋಟೆಲ್ ಗೀಟೆಲ್ ಅಂದ್ರೆ ಅಕ್ಕ ನನ್ನ ಸುಮ್ನೆ ಬಿಡಲ್ಲ" ಎಂದು ಕರೆದುಕೊಂಡು ಹೋದಳು.

ಸಿಡ್ನಿಯಲ್ಲಿ ನಾನು ಮೊದಲು ಗಮನಿಸಿದ್ದು ಬಸ್ಸಿನಿಂದ ಇಳಿಯುವವರನ್ನು. ಒಬ್ಬೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಕಿವಿಗೆ ತಂತಿ ಸಿಕ್ಕಿಸಿಕೊಂಡ ಕಾಲೇಜು ಹುಡುಗರು ಕೂಡ. ನಮ್ಮಲ್ಲಿ ಡ್ರೈವರು ಸ್ಟಾಪಿನಲ್ಲಿ ನಿಲ್ಲಿಸಿದ್ದಕ್ಕೇ ಥ್ಯಾಂಕ್ಸ್ ಹೇಳಬೇಕಾದ ದಿನಗಳಿವೆ, ಆದರೆ ಅಷ್ಟು ಹೊತ್ತಿಗೆ ಕಂಡಕ್ಟರು ರೈಟ್ ಅಂದಿರುತ್ತಾನೆ. ಸೂಪರ್‌ಮಾರ್ಕೆಟ್ಟಿನಲ್ಲಿ ಬರಿಗಾಲಲ್ಲಿ ಓಡಾಡುವವರನ್ನೂ ಕಂಡೆ. ಬಡವರಲ್ಲ, ಹೊರಗೆ ದೊಡ್ಡ ಕಾರು ನಿಲ್ಲಿಸಿ ಬಂದವರು. ಚಪ್ಪಲಿ ಬಿಟ್ಟು ಅಂಗಡಿಗೆ ಹೋಗಿ, ಚಪ್ಪಲಿ ಹಾಕಿಕೊಂಡು ಮನೆಯೊಳಗೆ ಓಡಾಡುವ ಜನ. ಹಾಗೆಯೇ ರೈಲು ನಿಲ್ದಾಣದ ಹೊರಗೆ ನಮ್ಮ ಗೊರವಂಕಗಳು! ಅದೇ ಹಳದಿ ಕಾಲು, ಅದೇ ಜಗಳ. ಇಲ್ಲಿನವರಿಗೆ ಅವು ಬೇಡದ ಹಕ್ಕಿಗಳಂತೆ. ರೂಪಾ ಹೇಳಿದಾಗ ನನಗೆ ಸ್ವಲ್ಪ ಪಿಚ್ಚೆನಿಸಿತು.

ಮರುದಿನದ ಪ್ರಾತ್ಯಕ್ಷಿಕೆಗೆ ಮೊದಲು ಒಂದು ಸೆನ್ಸರಿಗೆ ಸಣ್ಣ ಆಂಟೆನಾ ಸಿಕ್ಕಿಸಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ನೋಡುತ್ತಿದ್ದೆ. ರೂಪಾ ಅಡುಗೆಮನೆಯಲ್ಲಿ ಸಾರು ಬಿಸಿಗಿಟ್ಟಳು. ಪರದೆಯ ಮೇಲೆ ಸಂಖ್ಯೆ ಒಮ್ಮೆಲೇ ಜಿಗಿಯಿತು.

"ಏನದು ಆಂಟಿ?"

"ನಿನ್ನ ಮೈಕ್ರೋವೇವ್ ಅವನ್. ಬಾಗಿಲ ಸಂದಿಯಿಂದ ಚೂರು ಸೋರತ್ತೆ. ಎಲ್ಲಾ ಅವನ್ನೂ ಸೋರತ್ತೆ, ಏನೂ ಆಗಲ್ಲ."

"ಸೋರತ್ತಾ? ಸಾರು ಸೋರದೇ ಇರೋ ಡಬ್ಬಿ ತಂದಿದೀನಿ, ಅವನ್ನೇ ಸೋರತ್ತಾ?"

ಏನೂ ಆಗುವುದಿಲ್ಲವೆಂದು ಎಷ್ಟು ಬಗೆಯಲ್ಲಿ ಹೇಳಿದರೂ, ಅಲ್ಲಿರುವಷ್ಟು ದಿನವೂ ಅವಳು ಅವನ್ನಿನ ಗುಂಡಿ ಒತ್ತಿ ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದಳು. ಅಳೆಯುವವರು ಮನೆಗೆ ಬಂದರೆ ಇದೊಂದು ತೊಂದರೆ.

ಪ್ರಾತ್ಯಕ್ಷಿಕೆ ಸರಿಯಾಗಿಯೇ ನಡೆಯಿತು. ಬಂದವರು ತಲೆಯಾಡಿಸಿದರು, ಬಿಸ್ಕತ್ತು ತಿಂದರು, ಪ್ರಶ್ನೆ ಕೇಳುವ ಮೊದಲು "ಇದು ಪೆದ್ದು ಪ್ರಶ್ನೆಯಿರಬಹುದು" ಎಂದು ಶುರು ಮಾಡಿ ಬಹಳ ಜಾಣ ಪ್ರಶ್ನೆಗಳನ್ನು ಕೇಳಿದರು. ಆರು ಸೆನ್ಸರುಗಳೂ ಮಾರುವವರ ಕಪಾಟಿಗೆ ಹೋದವು.

ಹ್ಯಾರಿಸ್ ಪಾರ್ಕ್

ಕೆಲಸ ಮುಗಿದ ಸಂತೋಷಕ್ಕೆ ರೂಪಾ ಹ್ಯಾರಿಸ್ ಪಾರ್ಕಿಗೆ ಕರೆದುಕೊಂಡು ಹೋದಳು. ಅಲ್ಲಿನ ಬೀದಿಯಲ್ಲಿ ಹಿಂದಿಯಲ್ಲಿ ದಾರಿ ಕೇಳಬಹುದು, ಕರಿಬೇವನ್ನು ಮೂಸಿ ನೋಡಿ ಕೊಳ್ಳಬಹುದು. ಮನೆಗಳ ಮುಂದಿನ ವರಾಂಡಗಳೇ ಹೋಟೆಲುಗಳಾಗಿವೆ. ದೋಸೆಗೆ ಹೇಳಿ ಕೂತಾಗ ನನಗೆ ಫೋನು ಬಂತು. ಗೊತ್ತಿಲ್ಲದ ನಂಬರು.

"ನಮಸ್ಕಾರ ಮೇಡಂ. ನಾನು ಮಂಜುನಾಥ ಅಂತ, ಮೆಲ್ಬರ್ನಿಂದ. ನಮ್ದು ದಾವಣಗೆರೆ. ಸಿಡ್ನಿ ಡೀಲರು ನಿಮ್ ನಂಬರ್ ಕೊಟ್ರು. ನಿಮ್ ಸೆನ್ಸರ್ ಎರಡು ತಗೊಂಡಿದೀನಿ. ಎರಡೂ ಸುಳ್ಳು ಹೇಳ್ತಾವೆ."

ಇಪ್ಪತ್ತು ವರ್ಷದಿಂದ ಮೇಜಿನ ಮುಂದೆ ಕೂತವಳಿಗೆ ಆ ಮಾತು ಹಿಡಿಸಲಿಲ್ಲ. ಆದರೂ ಕೇಳಿದೆ. ಮಂಜುನಾಥ ಇಲ್ಲಿಗೆ ವಿದ್ಯಾರ್ಥಿಯಾಗಿ ಬಂದು, ಪಿಆರ್ ಎಂಬ ಕಾಯಂ ವಾಸದ ಪರವಾನಗಿ ಪಡೆದು, ಸಿಡ್ನಿಯ ಒಂದು ಕಂಪನಿಯಲ್ಲಿ ರೇಡಿಯೋ ಎಂಜಿನಿಯರಾಗಿದ್ದವನು. ಹೆಂಡತಿ, ಮಗಳು ಮೆಲ್ಬರ್ನಿನ ಟ್ರುಗನಿನಾದ ಮನೆಯಲ್ಲಿ. ಇವನು ಸಿಡ್ನಿಯಲ್ಲಿ ಇತರರೊಂದಿಗೆ ಒಂದು ರೂಮಿನಲ್ಲಿ. ಎರಡು ವರ್ಷ ಹೀಗೆ ಕಳೆದ ಮೇಲೆ ಕೆಲಸ ಬಿಟ್ಟು, ಮನೆಗೆ ಹೋಗಿ, ಟವರುಗಳ ಮೇಲಿನ ರೇಡಿಯೋ ಸಂಪರ್ಕಗಳನ್ನು ಅಳೆದುಕೊಡುವ ಸ್ವಂತ ಕೆಲಸ ಶುರು ಮಾಡಿದ್ದ. ಮೊದಲ ದೊಡ್ಡ ಕೆಲಸ ಕಾಲಿನ್ ಎಂಬ ಹಿರಿಯ ಎಂಜಿನಿಯರರ ಕಡೆಯದು. ಅವರದೊಂದು ಪದ್ಧತಿ. ಹೊಸಬರು ಯಾರೇ ಬರಲಿ, ಅವರ ಮೀಟರು ಮೊದಲು ಕಾಲಿನ್‌ರ ಹಳೆಯ ಮೀಟರಿನ ಪಕ್ಕ ಕೂತು ಒಂದೇ ಲೆಕ್ಕ ಹೇಳಬೇಕು. ಹೋದ ವಾರ ಹೇಳಲಿಲ್ಲ.

"ಸೋಮವಾರ ಇನ್ನೊಂದ್ಸಲ ತಗೊಂಬಾ ಅಂದಿದಾರೆ ಮೇಡಂ. ಅವತ್ತೂ ಆಗ್ಲಿಲ್ಲ ಅಂದ್ರೆ ಕೆಲ್ಸ ಬೇರೆಯೋರಿಗೆ. ನನ್ ಹಳೇ ಕಂಪ್ನಿ ಈ ತಿಂಗ್ಳು ಮುಗಿಯೋವರ್ಗೂ ಸೀಟು ಇಟ್ಟಿರ್ತೀವಿ ಅಂದೈತೆ. ಮತ್ತೆ ಸಿಡ್ನಿಗೆ ಗಂಟು ಕಟ್ಬೇಕು."

ನನಗೆ ತೋಚಿದ್ದನ್ನೆಲ್ಲ ಕೇಳಿದೆ. ಯಾವ ಆವರ್ತನವನ್ನು ಅಳೆಯುತ್ತಿದ್ದೀರೆಂದು ಸಾಫ್ಟ್‌ವೇರಿಗೆ ತಿಳಿಸಿದಿರಾ? ತಿಳಿಸಿದ್ದ. ಅಳೆಯುವ ಮೊದಲು ಸೊನ್ನೆಗೆ ತಂದಿರಾ? ತಂದಿದ್ದ. ಕನೆಕ್ಟರ್ ಒರೆಸಿದಿರಾ? ಒರೆಸಿದ್ದ. ಕೆಳಗಿನ ಆವರ್ತನಗಳಲ್ಲಿ ಎರಡು ಮೀಟರೂ ಒಂದೇ ಹೇಳುತ್ತವೆ, ಮೇಲೆ ಹೋದಂತೆ ನಮ್ಮದು ಕಡಿಮೆ ಹೇಳುತ್ತದೆ, ಕೊನೆಗೆ ಐದರಲ್ಲಿ ಒಂದು ಪಾಲು ಕಾಣೆ ಎಂದ.

ಬೆಂಗಳೂರಿಗೆ ಫೋನು ಮಾಡಿದೆ. ನಮ್ಮ ಮ್ಯಾನೇಜರಿಗೆ ಒಂದು ಸೆನ್ಸರು ಕೆಟ್ಟಿದ್ದರೆ ಚಿಂತೆಯಿರಲಿಲ್ಲ. "ಎರಡೂ ತಪ್ಪು ಅಂದ್ರೆ ಆ ಲಾಟಿನ ಮಾಲೆಲ್ಲಾ ತಪ್ಪು ಅಂತಾರೆ ಮೇಡಂ. ಟಿಕೆಟ್ ಮುಂದಕ್ಕೆ ಹಾಕಿಸ್ತೀನಿ, ನೀವು ಕಣ್ಣಾರೆ ನೋಡ್ಕೊಂಡೇ ಬನ್ನಿ."

ಅಷ್ಟರಲ್ಲಿ ದೋಸೆ ಆರಿ ಮೆತ್ತಗಾಗಿತ್ತು. ರೂಪಾ ಇನ್ನೊಂದು ಹೇಳುತ್ತೇನೆಂದಳು. ಬೇಡವೆಂದು ಅದನ್ನೇ ತಿಂದೆ.

ಟ್ರುಗನಿನಾ

ಶನಿವಾರ ಮಧ್ಯಾಹ್ನ ಮೆಲ್ಬರ್ನ್. ಸಿಡ್ನಿಯಲ್ಲಿ ಬಿಸಿಲಿತ್ತು; ಇಲ್ಲಿ ವಿಮಾನದಿಂದ ಇಳಿಯುವಾಗ ಬಿಸಿಲು, ಬ್ಯಾಗು ತೆಗೆದುಕೊಳ್ಳುವಾಗ ಹನಿ, ಕಾರು ಹತ್ತುವಾಗ ಸೆರಗು ತಲೆಗೆ ಸುತ್ತಿಕೊಳ್ಳುವಂಥ ಗಾಳಿ. ಕರೆದೊಯ್ಯಲು ಬಂದ ಮಂಜುನಾಥ ಫೋನಿನ ದನಿಗಿಂತ ಚಿಕ್ಕವನಾಗಿ ಕಂಡ. ಕಾರು ಹತ್ತುವ ಮೊದಲೇ ನಾನು ಮೇಡಂನಿಂದ ಆಂಟಿಯಾಗಿದ್ದೆ.

ಟ್ರುಗನಿನಾದಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ಬೀದಿಗೆ ಎದುರಾಗಿ ಕಾಣುವುದು ಗ್ಯಾರೇಜಿನ ಬಾಗಿಲು; ಮನೆಯ ಬಾಗಿಲು ಅದರ ಪಕ್ಕದಲ್ಲಿ ಒತ್ತಿಕೊಂಡಿರುತ್ತದೆ. ಆಚೆಗೆ ದೊಡ್ಡ ದೊಡ್ಡ ಗೋದಾಮುಗಳು. ಮಂಜುವಿನ ಹೆಂಡತಿ ವಿದ್ಯಾ ಅಂಥದ್ದೊಂದರಲ್ಲಿ ಬೆಳಗಿನ ಪಾಳಿಯಲ್ಲಿ ಕೆಲಸ ಮಾಡುತ್ತಾಳೆ, ಬಂದ ಆರ್ಡರುಗಳನ್ನು ಹುಡುಕಿ ತೆಗೆದು ಪ್ಯಾಕ್ ಮಾಡುವುದು. ಬೆಂಗಳೂರಿನ ರಾಜಾಜಿನಗರದವಳು. ಹೊಸಿಲಲ್ಲೇ ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡು, "ಮೊದ್ಲು ಕಾಫಿ ಆಂಟಿ, ಆಮೇಲೆ ನಿಮ್ಮ ಮಶೀನು" ಎಂದಳು.

ಮಗಳು ಅನನ್ಯಾ ನನ್ನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಕಾಫಿ ಮುಗಿಯುವ ಮುಂಚೆ ಅವಳದೇ ಒಂದು ಪ್ರಶ್ನೆ ಬಂತು. "ಆಂಟಿ, ಈಸ್ ಅಪ್ಪ ಗೋಯಿಂಗ್ ಬ್ಯಾಕ್ ಟು ಸಿಡ್ನಿ?"

"ಏಯ್, ಹೋಗಿ ಆಟ ಆಡ್ಕೋ" ಎಂದಳು ವಿದ್ಯಾ. ಮಂಜು ಸೆನ್ಸರುಗಳನ್ನು ತಂದು ನನ್ನ ಮುಂದಿಟ್ಟ.

ಬ್ಯಾಗಿನಿಂದ ಭೂತಗನ್ನಡಿ ತೆಗೆದು, ಮೊದಲನೆಯದರ ಕನೆಕ್ಟರಿನ ಒಳಗೆ ನೋಡಿದೆ. ನಡುವೆ ಚಿನ್ನದ ಲೇಪದ ಒಂದು ಕಡ್ಡಿಯಿರುತ್ತದೆ. ಅದು ಫಳಫಳ ಹೊಳೆಯುತ್ತಿತ್ತು. ಒರೆಸಿದ್ದೇನೆಂದು ಮಂಜು ಹೇಳಿದ್ದು ನಿಜ. ಆದರೆ ಕಡ್ಡಿಯ ಬುಡದಲ್ಲಿ, ಕಿಟಕಿಯ ಬೆಳಕಿಗೆ ತಿರುಗಿಸಿ ಹಿಡಿದಾಗ, ಸುತ್ತಲೂ ಒಂದು ತೆಳ್ಳನೆಯ ಕೆಂಪು ಪೊರೆ. ತುಕ್ಕೆಂದುಕೊಂಡೆ. ಚಿನ್ನಕ್ಕೆ ತುಕ್ಕೆಲ್ಲಿಂದ ಬಂತು? ಎರಡನೆಯದರಲ್ಲೂ ಅದೇ ಕೆಂಪು, ಸ್ವಲ್ಪ ಕಡಿಮೆ. ಪರೀಕ್ಷೆಯ ಪಾಠದಲ್ಲಿಲ್ಲದ ಕೆಲಸ ಮಾಡಿದೆ. ಮೂಸಿ ನೋಡಿದೆ.

ಗಂಧ.

"ವಿದ್ಯಾ, ಇದಕ್ಕೆ ಪೂಜೆ ಮಾಡಿದ್ರಾ?"

"ಮಾಡ್ದೆ ಇರ್ತೀವಾ ಆಂಟಿ! ಇವರ ಸ್ವಂತ ಬಿಸಿನೆಸ್ಸಿಗೆ ಬಂದ ಮೊದಲನೇ ಇನ್‌ಸ್ಟ್ರುಮೆಂಟು. ಪಾರ್ಸೆಲ್ ಬಂದಿದ್ದೂ ಶುಕ್ರವಾರ. ದೇವರ ಮುಂದಿಟ್ಟು ಗಂಧ, ಕುಂಕುಮ ಹಚ್ಚಿ, ಹೂವಿಟ್ಟು ಆರತಿ ಮಾಡಿದ್ವಿ."

"ಎಲ್ಲಿ ಹಚ್ಚಿದೆ?"

"ಮುಖಕ್ಕೆ."

"ಇದಕ್ಕೆ ಮುಖ ಯಾವುದಮ್ಮ?"

ಅವಳು ಸಂಶಯವೇ ಇಲ್ಲದೆ ಕನೆಕ್ಟರಿನ ಕಡೆ ಬೆರಳು ಮಾಡಿದಳು. "ವೈರ್ ಇರೋದು ಬಾಲ. ಹಂಗಾದ್ರೆ ಇದು ಮುಖ ಅಲ್ವಾ?"

"ಮುಚ್ಚಳ ಇತ್ತಲ್ಲ?"

ಈಗ ಮಂಜು ಬಾಯಿ ಬಿಟ್ಟ. "ಮುಚ್ಚಳ ತೆಗೆದೋನು ನಾನೇ ಆಂಟಿ. ಮುಖಕ್ಕೆ ಮುಸುಕು ಹಾಕ್ಕೊಂಡು ಪೂಜೆ ಮಾಡ್ತಾರೇನು ಅಂದೆ. ಆಮೇಲೆ ಬಟ್ಟೆ ತಗೊಂಡು ಒರೆಸಿದ್ನಲ್ಲ..."

ಒರೆಸಿದ್ದು ಕಡ್ಡಿಯನ್ನು. ಉಳಿದದ್ದು ಬುಡಕ್ಕೆ ಹೋಗಿ ಕೂತು ಒಣಗಿತ್ತು. ಆವರ್ತನ ಹೆಚ್ಚಿದಷ್ಟೂ ತರಂಗ ಗಿಡ್ಡವಾಗುತ್ತದೆ, ಗಿಡ್ಡ ತರಂಗಕ್ಕೆ ಸಾಸಿವೆಯಷ್ಟು ಕಸವೂ ಬೆಟ್ಟ. ಕೆಳಗೆ ಸರಿ, ಮೇಲೆ ತಪ್ಪು ಎಂಬುದಕ್ಕೆ ಇದು ಸಾಕು.

ನಾನು ಗದರಲಿಲ್ಲ, ಗದರುವ ಬಾಯಿಯೂ ನನಗಿರಲಿಲ್ಲ. ಆಯುಧಪೂಜೆಯ ದಿನ ಪೀಣ್ಯದಲ್ಲಿ ನಾವೂ ಹಚ್ಚುತ್ತೇವೆ. ಮೇಜಿಗೆ, ಡ್ರಿಲ್ಲಿಂಗ್ ಮಶೀನಿಗೆ, ಮ್ಯಾನೇಜರ ಸ್ಕೂಟರಿಗೆ. ಆದರೆ ಹಿಂದಿನ ಸಂಜೆಯೇ ಎಲ್ಲ ಕನೆಕ್ಟರುಗಳಿಗೂ ಮುಚ್ಚಳ ಹಾಕಿ, ಸೆನ್ಸರುಗಳನ್ನು ಪೆಟ್ಟಿಗೆಯಲ್ಲಿಟ್ಟು, ಕುಂಕುಮವನ್ನು ಪೆಟ್ಟಿಗೆಗೆ ಹಚ್ಚುತ್ತೇವೆ. ಹಾಗೆ ಮಾಡಿ ಎಂದು ಯಾರೂ ಬರೆದಿಟ್ಟಿಲ್ಲ. ಸೆನ್ಸರಿನ ಜೊತೆ ಕಳಿಸುವ ಕೈಪಿಡಿಯಲ್ಲಿ ಮಳೆ, ಧೂಳು, ಉಪ್ಪುಗಾಳಿ ಎಲ್ಲದರ ಎಚ್ಚರಿಕೆಯೂ ಇದೆ. ಇದೊಂದಿಲ್ಲ.

ವಿದ್ಯಾ ಎದ್ದು ಹೋಗಿ ಸಿಂಕಿನ ಮುಂದೆ ನಿಂತಳು. ನಲ್ಲಿ ತಿರುಗಿಸಿರಲಿಲ್ಲ.

"ನಂದೇ ತಪ್ಪಾಯ್ತು ಅನ್ನಿ. ಇವರು ಮನೇಲಿರ್ಲಿ ಅಂತ ಮಾಡಿದ್ದು, ಇವರನ್ನೇ ಓಡಿಸ್ತಾ ಇದೆ."

"ಕಸ ಬಿದ್ದಿದೆ, ತೆಗೆದ್ರೆ ಹೋಗತ್ತೆ" ಎಂದೆ. ಹೋಗುತ್ತದೆಂದು ನನಗೆ ಪೂರ್ತಿ ನಂಬಿಕೆಯಿರಲಿಲ್ಲ.

ಭಾನುವಾರ, ಹಾರ್ಡ್‌ವೇರ್ ಅಂಗಡಿ

ಒಣಗಿದ ಗಂಧ ತೆಗೆಯಲು ಶುದ್ಧ ಆಲ್ಕೋಹಾಲ್ ಬೇಕು. ವಿಮಾನದಲ್ಲಿ ತರಲು ಬಿಡುವುದಿಲ್ಲವೆಂದು ನಾನು ತಂದಿರಲಿಲ್ಲ. ಬೆಳಿಗ್ಗೆ ಮಂಜು ಒಂದು ಹಾರ್ಡ್‌ವೇರ್ ಅಂಗಡಿಗೆ ಕರೆದೊಯ್ದ. ಅಂಗಡಿಯೆಂದರೆ ನಮ್ಮ ಸಿಟಿ ಮಾರ್ಕೆಟ್ಟಿಗೆ ಛಾವಣಿ ಹಾಕಿದಷ್ಟು ದೊಡ್ಡದು. ಭಾನುವಾರ ಈ ಊರಿನವರು ಅಲ್ಲಿಗೆ ಕುಟುಂಬ ಸಮೇತ ಬರುತ್ತಾರೆ. ಬಾಗಿಲಲ್ಲಿ ಯಾವುದೋ ಶಾಲೆಯ ಪೋಷಕರು ಕಬ್ಬಿಣದ ಕಾವಲಿಯ ಮೇಲೆ ಸಾಸೇಜು ಸುಟ್ಟು, ಬ್ರೆಡ್ಡಿನಲ್ಲಿ ಸುತ್ತಿ ಮಾರುತ್ತಿದ್ದರು. ಮಂಜು ನನಗಾಗಿ ಬರೀ ಈರುಳ್ಳಿ ಹಾಕಿದ ಬ್ರೆಡ್ಡು ಕೇಳಿದ. ಮಾರುತ್ತಿದ್ದವರು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. "ಈರುಳ್ಳಿ ಮಾತ್ರವಾ? ಖಂಡಿತವಾ?" ಕೊಟ್ಟಾದ ಮೇಲೂ ನನ್ನನ್ನು ಮರುಕದಿಂದ ನೋಡಿದರು. ಮಾಂಸದ ಕಾವಲಿಯ ಈರುಳ್ಳಿಯೆಂದು ನಾನೂ ಎರಡು ಸಲ ಯೋಚಿಸಿ, ಸಾಸ್ ಸವರಿದ್ದ ತುದಿಯ ಬ್ರೆಡ್ಡನ್ನಷ್ಟೇ ಮುರಿದು ತಿಂದು, ಉಳಿದದ್ದನ್ನು ಮಂಜುವಿಗೆ ಕೊಟ್ಟೆ.

ಮನೆಗೆ ಬಂದು ಊಟದ ಮೇಜಿನ ಮೇಲೆ ಬಿಳಿ ಟವಲು ಹಾಸಿ ಕೂತೆ. ಒಂದು ಹಲ್ಲುಕಡ್ಡಿಯ ತುದಿಗೆ ಎಳೆ ಬಿಡದ ಬಟ್ಟೆ ಸುತ್ತಿ, ಆಲ್ಕೋಹಾಲಿನಲ್ಲಿ ಅದ್ದಿ, ಬುಡಕ್ಕೆ ತಾಕಿಸಿ ಸುಮ್ಮನಿರಬೇಕು. ಕೆರೆಯಬಾರದು, ಸೂಜಿ ಹಾಕಬಾರದು. ಕೆರೆದರೆ ಚಿನ್ನ ಹೋಗುತ್ತದೆ, ನಡುವಿನ ಕಡ್ಡಿ ಕೂದಲೆಳೆಯಷ್ಟು ವಾಲಿದರೂ ಸೆನ್ಸರು ಮುಗಿದಂತೆ. ಅದು ನೆನೆಯಲೆಂದು ಕಾಯುವುದು, ಒತ್ತಿ ತೆಗೆಯುವುದು, ಬಟ್ಟೆ ಬದಲಿಸುವುದು. ಮೊದಮೊದಲು ಬಟ್ಟೆಗೆ ದಾಸವಾಳದ ಬಣ್ಣ ಬಂತು, ಆಮೇಲೆ ಗುಲಾಬಿ, ಆಮೇಲೆ ಬರೀ ವಾಸನೆ. ಮಂಜು ಅತ್ತಿಂದಿತ್ತ ಓಡಾಡಿ, "ನಾನೊಂದು ಕೈ ನೋಡ್ಲಾ ಆಂಟಿ?" ಎಂದ.

"ನೀನೊಂದು ಕೈ ಆಗ್ಲೇ ನೋಡಿದೀಯಲ್ಲಪ್ಪ."

ವಿದ್ಯಾ ನಕ್ಕಳು. ನಾನು ಬಂದ ಮೇಲೆ ಮೊದಲ ಸಲ.

ಕಾಲಿನ್‌ರ ವರ್ಕ್‌ಶಾಪ್

ಸೋಮವಾರ ಬೆಳಿಗ್ಗೆ ಕಾರಿನಲ್ಲಿ ಮಂಜು ಹೀಟರ್ ಹಾಕಿದ, ಆರಿಸಿದ. ಆಮೇಲೆ, "ಆಂಟಿ, ಏನಾಗಿತ್ತು ಅಂತ ಕೇಳಿದ್ರೆ ಧೂಳು ಅಂದ್ಬಿಡಾಣ" ಎಂದ. "ಇವ್ನು ಮೀಟರಿಗೆ ಕುಂಕುಮ ಇಡ್ತಾನೆ ಅಂತ ಗೊತ್ತಾದ್ರೆ ನಾಳೆ ಟವರ್ ಹತ್ತೋಕೆ ಬಿಡ್ತಾರಾ?"

"ನಿನ್ನ ಗಿರಾಕಿ, ನಿನ್ನ ಮಾತು. ನನ್ನ ಕೇಳಿದ್ರೆ ನಾನು ಕಂಡದ್ದು ಹೇಳ್ತೀನಿ."

ಕಾಲಿನ್ ಎತ್ತರದ, ಬಿಳಿ ಹುಬ್ಬಿನ ಮನುಷ್ಯ. ಮಂಜು ಅವರನ್ನು ಎದುರಿಗೆ ಕಾಲಿನ್ ಎಂದು ಹೆಸರು ಹಿಡಿದು ಕರೆಯುತ್ತಾನೆ, ನನ್ನ ಹತ್ತಿರ ಕಾಲಿನ್ ಸರ್ ಎನ್ನುತ್ತಾನೆ. ಅವರ ಹಳೆಯ ಮೀಟರು ಹಿಡಿ ಸವೆದು ಬೆಳ್ಳಗಾಗಿತ್ತು. ಸಿಗ್ನಲ್ ಕೊಡುವ ಯಂತ್ರದ ಕೇಬಲ್ಲಿಗೆ ಒಮ್ಮೆ ಅವರ ಸೆನ್ಸರು, ಒಮ್ಮೆ ನಮ್ಮದು. ಒಂದೊಂದು ಆವರ್ತನದಲ್ಲೂ ಹೀಗೇ. ತಿರುಗಿಸುವಾಗ ಅವರು ನಟ್ಟನ್ನು ಮಾತ್ರ ತಿರುಗಿಸುತ್ತಿದ್ದರು, ಸೆನ್ಸರಿನ ಮೈಯನ್ನು ಅಲುಗಾಡದಂತೆ ಹಿಡಿಯುತ್ತಿದ್ದರು. ನಮ್ಮ ಮೇಜಿನವರ ಕೈ ಅದು. ನನಗೆ ಅಲ್ಲಿ ಸ್ವಲ್ಪ ಸಮಾಧಾನವಾಯಿತು.

ಕೆಳಗಿನಿಂದ ಮೇಲಿನವರೆಗೂ ಎರಡು ಲೆಕ್ಕವೂ ಕೂಡಿಕೊಂಡವು. ಎರಡನೆಯ ಸೆನ್ಸರಿನದೂ ಅಷ್ಟೇ. ಮಂಜು ನನ್ನ ಕಡೆ ನೋಡಿ ಉಸಿರು ಬಿಟ್ಟ. ಕಾಲಿನ್ ಮಾತ್ರ ಕೈಕಟ್ಟಿಕೊಂಡು ನಿಂತಿದ್ದರು.

"ಹೋದ ವಾರದಿಂದ ಈ ವಾರಕ್ಕೆ ಏನು ಬದಲಾಯಿತು?"

"ಕನೆಕ್ಟರಿನಲ್ಲಿ ಧೂಳಿತ್ತು. ಕ್ಲೀನ್ ಮಾಡಿದೆವು" ಎಂದ ಮಂಜು.

"ಧೂಳು. ಎರಡರಲ್ಲೂ?" ಕಾಲಿನ್ ತಮ್ಮ ಕೇಬಲ್ಲನ್ನು ಬಿಚ್ಚಿ ಬೆಳಕಿಗೆ ಹಿಡಿದರು. "ಹಾಗಾದರೆ ಅದು ನನ್ನ ಕಡೆಗೂ ದಾಟಿರುತ್ತದೆ. ಅಥವಾ ನನ್ನಿಂದಲೇ ನಿನಗೆ ಬಂದಿರಬಹುದು." ಬೀರುವಿನಿಂದ ಪ್ಲಾಸ್ಟಿಕ್ ಚೀಲಗಳನ್ನು ತೆಗೆದು ಕೇಬಲ್ಲುಗಳನ್ನು ಒಂದೊಂದಾಗಿ ಒಳಗೆ ಹಾಕತೊಡಗಿದರು. "ಇವನ್ನೆಲ್ಲ ತಪಾಸಣೆಗೆ ಕಳಿಸುತ್ತೇನೆ. ಮುಂದಿನ ತಿಂಗಳು ಮತ್ತೆ ನೋಡೋಣ. ಬೇಜಾರು ಮಾಡಿಕೊಳ್ಳಬೇಡ. ತಪ್ಪು ತೋರಿಸುವ ಮೀಟರಿಗಿಂತ, ತಾನಾಗಿ ಸರಿಹೋದ ಮೀಟರಿಗೆ ನಾನು ಹೆಚ್ಚು ಹೆದರುತ್ತೇನೆ."

ಮುಂದಿನ ತಿಂಗಳೆಂದರೆ ಸಿಡ್ನಿಯ ಸೀಟು ಹೋಗಿರುತ್ತದೆ. ಅದಕ್ಕೆ ಮೊದಲೇ ಮಂಜು ಗಂಟು ಕಟ್ಟಬೇಕಾಗುತ್ತದೆ. ಅವನು ನನ್ನ ಮುಖ ನೋಡಿದ. ನಾನು ಮೇಜು ನೋಡಿದೆ. ಕಾಲಿನ್ ಮೂರನೆಯ ಚೀಲಕ್ಕೆ ಕೈ ಹಾಕಿದರು.

"ಅದು ಧೂಳಲ್ಲ, ಕಾಲಿನ್."

ಮಂಜು ಎಲ್ಲವನ್ನೂ ಹೇಳಿದ. ಪಾರ್ಸೆಲ್ಲು, ಶುಕ್ರವಾರ, ಮುಚ್ಚಳ. ಕುಂಕುಮಕ್ಕೆ ಇಂಗ್ಲಿಷ್ ಸಿಕ್ಕದೆ ತನ್ನ ಬರಿಹಣೆಯನ್ನು ಮುಟ್ಟಿ ತೋರಿಸಿದ. ಕಾಲಿನ್ ಅವನ ಹಣೆ ನೋಡಿ, ಅಲ್ಲೇನೂ ಕಾಣದೆ, ನನ್ನ ಹಣೆ ನೋಡಿದರು. ನಗಲಿಲ್ಲ. ಕೇಳಿದ್ದು ಒಂದೇ.

"ನೀರಿನಲ್ಲಿ ಕಲಸಿದ್ದೋ, ಎಣ್ಣೆಯಲ್ಲೋ?"

"ನೀರಿನಲ್ಲಿ."

"ಹಾಗಾದರೆ ಮತ್ತೆ ಹಚ್ಚಿ."

ಮಂಜುವಿಗೆ ಅರ್ಥವಾಗಲಿಲ್ಲ. ನನಗಾಯಿತು. ನೀರಿನಲ್ಲಿ ಕಲಸಿದ್ದಾದರೆ ಮತ್ತೆ ತೆಗೆಯಬಹುದು. ಹೋದ ದೋಷವನ್ನು ಕರೆದರೆ ಬರಬೇಕು. ಬಂದರೆ ಮಾತ್ರ ಅದೇ ದೋಷವೆಂದು ನಂಬಬಹುದು. ಪೀಣ್ಯದಲ್ಲಿ ನಾನು ಹೊಸ ಹುಡುಗರಿಗೆ ಹೇಳುವುದೂ ಇದನ್ನೇ. ಆದರೆ ತೆಗೆಯಲು ಒಂದು ಭಾನುವಾರ ಹಿಡಿದದ್ದನ್ನು ಮತ್ತೆ ಹಚ್ಚಲು ಯಾರಿಗೆ ಮನಸ್ಸು ಬರುತ್ತದೆ? "ಒಂದಕ್ಕೆ ಮಾತ್ರ" ಎಂದೆ. "ಇನ್ನೊಂದು ಹೀಗೇ ಇರಲಿ." ಕಾಲಿನ್ ಒಪ್ಪಿದರು. ಹಚ್ಚಿದವರು ಯಾರೋ ಅವರೇ ಹಚ್ಚಬೇಕು, ಅದೇ ಕೈ, ಅಷ್ಟೇ ಪ್ರಮಾಣ ಎಂದರು.

ಮಂಜು ಹೆಂಡತಿಗೆ ಫೋನು ಮಾಡಿದ. ಅವಳ ದನಿ ನನಗೂ ಕೇಳಿಸುವಷ್ಟಿತ್ತು.

"ಈಗ್ಲಾ? ಏನ್ರೀ ತಮಾಷೆ ಮಾಡ್ತಿದೀರಾ? ಶಿಫ್ಟ್ ಈಗ ಮುಗೀತು, ಇನ್ನೂ ಯೂನಿಫಾರ್ಮಲ್ಲಿದೀನಿ."

ಅದೇ ಯೂನಿಫಾರ್ಮಿನಲ್ಲೇ ಬಂದಳು. ಕಣ್ಣು ಕುಕ್ಕುವ ಹಳದಿ ಜಾಕೆಟ್ಟು, ದಪ್ಪ ಬೂಟು, ಕೈಯಲ್ಲಿ ಕುಂಕುಮದ ಭರಣಿ ಮತ್ತು ಗಂಧ ಕಲಸಿದ ಸ್ಟೀಲ್ ಬಟ್ಟಲು. ಇನ್ನೊಂದು ಚೀಲದಲ್ಲಿ ನಮಗೆಲ್ಲ ಚಿತ್ರಾನ್ನ. ಸೆನ್ಸರಿನ ಮುಂದೆ ನಿಂತು ಹಿಂಜರಿದಳು.

"ಆಂಟಿ, ಸ್ನಾನ ಆಗಿಲ್ಲ. ಹಾಗೇ ಬಂದ್ಬಿಟ್ಟೆ."

"ಇದು ಪೂಜೆ ಅಲ್ಲಮ್ಮ, ಟೆಸ್ಟು."

"ಕೆಡ್ಲಿ ಅಂತ ಕುಂಕುಮ ಹಚ್ಚೋದು ಇದೇ ಮೊದಲು" ಎಂದು ಗೊಣಗಿ, ಉಂಗುರದ ಬೆರಳಿನಲ್ಲಿ ಗಂಧ ತೆಗೆದು, ಕನೆಕ್ಟರಿನ ಬಾಯಿಗೆ ಒತ್ತಿದಳು. ಅದರ ಮೇಲೆ ಕುಂಕುಮ. ಅಭ್ಯಾಸಬಲದಿಂದ ಕೈ ಮುಗಿಯಲು ಹೋಗಿ, ಕಾಲಿನ್ ನೋಡುತ್ತಿರುವುದು ಕಂಡು ಅರ್ಧಕ್ಕೇ ನಿಲ್ಲಿಸಿದಳು. ಮಂಜು ಅವತ್ತಿನ ಹಾಗೆಯೇ ಬಟ್ಟೆಯಿಂದ ಒರೆಸಿದ. ಟೇಬಲ್ ಲ್ಯಾಂಪಿನ ಕೆಳಗೆ ಒಣಗಲು ಬಿಟ್ಟು ಊಟಕ್ಕೆ ಕೂತೆವು. ಕಾಲಿನ್ ತಮ್ಮ ಡಬ್ಬಿಯ ಸ್ಯಾಂಡ್‌ವಿಚ್ಚನ್ನೇ ತಿಂದರು, ಚಿತ್ರಾನ್ನದಲ್ಲಿ ಕಡಲೆಬೀಜವನ್ನು ಮಾತ್ರ ಆರಿಸಿಕೊಂಡರು. ವಿದ್ಯಾ ಆಗಾಗ ಲ್ಯಾಂಪಿನ ಕಡೆ ನೋಡುತ್ತಿದ್ದಳು.

ಒಣಗಿತು. ಕಾಲಿನ್ ತಾವೇ ಸಿಕ್ಕಿಸಿದರು. ಕೆಳಗಿನ ಆವರ್ತನದಲ್ಲಿ ಎರಡು ಮೀಟರೂ ಒಂದೇ. ಇನ್ನೂ ಮೇಲೆ, ಒಂದೇ. ವಿದ್ಯಾ ನನ್ನ ತೋಳು ಹಿಡಿದುಕೊಂಡಳು. ಕೆಡಲೆಂದು ಅಷ್ಟು ಆಸೆಯಿಂದ ಒಂದು ಸಂಖ್ಯೆಯನ್ನು ಯಾರಾದರೂ ನೋಡಿದ್ದನ್ನು ನಾನು ಕಂಡಿಲ್ಲ. ಇನ್ನೂ ಮೇಲೆ ಹೋದಾಗ ನಮ್ಮ ಲೆಕ್ಕ ಜಾರಿತು, ಆಮೇಲೆ ಮತ್ತೂ ಜಾರಿತು. ಹೋದ ವಾರದಷ್ಟಲ್ಲ, ಆದರೆ ಜಾರಲು ಶುರುವಾದ ಜಾಗ ಅದೇ, ಜಾರಿದ ರೀತಿಯೂ ಅದೇ.

"ಹಾಂ" ಎಂದರು ಕಾಲಿನ್. ಚೀಲಗಳಲ್ಲಿದ್ದ ಕೇಬಲ್ಲುಗಳನ್ನು ಹೊರಗೆ ತೆಗೆದು ಮತ್ತೆ ಗೂಟಗಳಿಗೆ ನೇತುಹಾಕಿದರು.

ನಾನು ಸೆನ್ಸರನ್ನು ತೆಗೆದುಕೊಂಡು ಮೂಲೆಯಲ್ಲಿ ಕೂತು ಇನ್ನೊಂದು ಸಲ ಶುಚಿ ಮಾಡಿದೆ. ಆಗಷ್ಟೇ ಹಚ್ಚಿದ್ದರಿಂದ ಈ ಸಲ ಬೇಗ ಬಿಟ್ಟುಕೊಂಡಿತು. ಮತ್ತೆ ಸಿಕ್ಕಿಸಿದಾಗ ಲೆಕ್ಕ ಸರಿಬಂತು. ಕಾಲಿನ್ ಮಂಜುವಿನ ಕಡೆ ತಿರುಗಿ, "ಗುರುವಾರ ಬೆಳಿಗ್ಗೆ ಬಾ. ಒಳ್ಳೆಯ ಬೂಟು ಹಾಕಿಕೋ, ಆ ಟವರಿರುವ ಗುಡ್ಡ ಜಾರುತ್ತದೆ" ಎಂದರು. ಕೆಲಸ ಸಿಕ್ಕಿತೆಂದು ಹೇಳಿದ್ದು ಇಷ್ಟೇ. ಮಂಜು ಹೂಂ ಎಂದ. ತನ್ನ ಬೂಟು ನೋಡಿಕೊಂಡ.

ಆಮೇಲೆ ಕಾಲಿನ್ ವಿದ್ಯಾಳ ಮುಂದೆ ಬಂದು ಕೈ ಚಾಚಿದರು. ಅವಳ ಬೆರಳುಗಳು ಕೆಂಪಾಗಿದ್ದವು. "ಸಾರಿ, ಕೈಯೆಲ್ಲಾ..." ಎಂದು ಹಿಂದೆ ತೆಗೆದುಕೊಂಡಳು. ಅವರು ಚಾಚಿದ ಕೈಯನ್ನು ಹಾಗೆಯೇ ಇಟ್ಟುಕೊಂಡಿದ್ದರು. ಕೊನೆಗೆ ಅವಳೂ ಕೊಟ್ಟಳು. ಕುಲುಕಿ ಬಿಟ್ಟಾಗ ಅವರ ಅಂಗೈಯಲ್ಲಿ ಕುಂಕುಮವಿತ್ತು. ಅದನ್ನೊಮ್ಮೆ ನೋಡಿಕೊಂಡು, ಮೂಲೆಯ ಬೇಸಿನ್ನಿಗೆ ಹೋಗಿ, ಸೋಪು ಹಾಕಿ, ಬೆರಳಸಂದಿಗಳನ್ನೂ ಬಿಡದೆ ನಿಧಾನವಾಗಿ ತೊಳೆಯತೊಡಗಿದರು.

ವಿದ್ಯಾ ನನ್ನ ಕಿವಿಯಲ್ಲಿ ಕೇಳಿದಳು. "ಬೇಜಾರಾಯ್ತಾ ಆಂಟಿ ಅವರಿಗೆ?"

"ಇಲ್ಲಮ್ಮ" ಎಂದೆ. "ಅವರಿನ್ನು ಕನೆಕ್ಟರ್ ಮುಟ್ಟಬೇಕಲ್ಲ."